ದಾವಣಗೆರೆಯಲ್ಲಿದ್ದುಕೊಂಡೇ ಅನಿಮೇಷನ್ ಕಲಿಯುವುದು ಹೇಗೆ

ಪಿಯುಸಿ ಫಲಿತಾಂಶ ಬಂದ ವಾರದಿಂದ ನನ್ನ ಮೊಬೈಲಿಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಅಕ್ಕಾ, ಅನಿಮೇಷನ್ ಓದಲು ಬೆಂಗಳೂರಿಗೇ ಹೋಗಬೇಕೇ? ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು? ಚಿತ್ರ ಬರೆಯಲು ಬಾರದಿದ್ದರೆ ನಡೆಯುತ್ತದೆಯೇ? ಮನೆಯಲ್ಲಿ ಒಪ್ಪಿಸುವುದು ಹೇಗೆ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾನು ಡಿಜಿಟಲ್ ಮೀಡಿಯಾ ಮತ್ತು ಅನಿಮೇಷನ್ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಆನಗೋಡಿನ ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಹೋಗುತ್ತೇನೆ. ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಅವ್ವ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಇದನ್ನು ಹೇಳುತ್ತಿರುವುದು ಕನಿಕರಕ್ಕಲ್ಲ. ನಾನು ಕೊಡುವ ಸಲಹೆಗಳೆಲ್ಲ ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರುತ್ತವೆ ಎಂದು ನಿಮಗೆ ಮೊದಲೇ ತಿಳಿದಿರಲಿ.

ಸೇರುವ ಮುನ್ನ

ಮೊದಲು ಕೇಳಬೇಕಾದ ಪ್ರಶ್ನೆ ಶುಲ್ಕದ್ದಲ್ಲ, ಪದವಿಯದ್ದು. ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ ಎಂದು ಕೇಳಿ. ಹಿಂದಿನ ವರ್ಷದವರ ಅಂಕಪಟ್ಟಿಯ ಪ್ರತಿಯನ್ನು ಕಣ್ಣಾರೆ ನೋಡಿ. ಆ ವಿಶ್ವವಿದ್ಯಾಲಯ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪಟ್ಟಿಯಲ್ಲಿದೆಯೇ ಎಂದು ಯುಜಿಸಿಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ನನ್ನ ಜೊತೆ ಪಿಯುಸಿ ಓದಿದ ಗೆಳತಿಯೊಬ್ಬಳನ್ನು ಒಂದು ಸಂಸ್ಥೆಯವರು ಪದವಿ ಕೋರ್ಸ್ ಎಂದೇ ಹೇಳಿ ಸೇರಿಸಿಕೊಂಡರು. ಕೊನೆಗೆ ಕೈಗೆ ಬಂದದ್ದು ಆ ಸಂಸ್ಥೆಯೇ ಅಚ್ಚು ಹಾಕಿಸಿದ ಪ್ರಮಾಣಪತ್ರ. ಅವಳ ತಾಯಿ ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದು ಆ ಶುಲ್ಕ ಕಟ್ಟಿದ್ದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೆಯದು, ಕೆಲಸ ಸಿಕ್ಕವರ ಫೋಟೊ ಇರುವ ದೊಡ್ಡ ಫಲಕ ನೋಡಿ ಮರುಳಾಗಬೇಡಿ. ಹಿಂದಿನ ಬ್ಯಾಚಿನವರು ಮಾಡಿದ ಕಿರುಚಿತ್ರಗಳನ್ನು ತೋರಿಸಿ ಎಂದು ಕೇಳಿ. ಪಾಠ ಹೇಳುವವರು ಸ್ವತಃ ಮಾಡಿದ ಕೆಲಸವನ್ನೂ ನೋಡಬೇಕು ಎಂದು ಕೇಳಿ. ಇದು ಉದ್ಧಟತನವಲ್ಲ, ಒಳ್ಳೆಯ ಮೇಷ್ಟ್ರುಗಳು ಈ ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ. ತರಗತಿ ಮುಗಿದ ಮೇಲೆ ಲ್ಯಾಬ್‌ನಲ್ಲಿ ಕುಳಿತು ಕೆಲಸ ಮಾಡಲು ಬಿಡುತ್ತಾರೆಯೇ ಎಂಬುದನ್ನೂ ವಿಚಾರಿಸಿ. ಮನೆಯಲ್ಲಿ ಒಳ್ಳೆಯ ಯಂತ್ರ ಇಲ್ಲದವರಿಗೆ ಸಂಜೆಯ ಆ ಎರಡು ಗಂಟೆಯೇ ನಿಜವಾದ ಕಾಲೇಜು.

ಚಿತ್ರ ಬರೆಯುವುದೇ ನಿಮಗೆ ಪ್ರಾಣವಾಗಿದ್ದರೆ ಇನ್ನೊಂದು ದಾರಿಯಿದೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ 1964ರಲ್ಲಿ ಆರಂಭವಾದದ್ದು. ಈಗ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ದೃಶ್ಯಕಲೆಯ ಪದವಿ ಓದುತ್ತ, ತಂತ್ರಾಂಶವನ್ನು ಪಕ್ಕದಲ್ಲಿ ಕಲಿಯುವುದು ಕೀಳು ದಾರಿಯೇನಲ್ಲ. ನನ್ನನ್ನು ಕೇಳಿದರೆ, ಕೈ ಪಳಗಿದವರಿಗೆ ತಂತ್ರಾಂಶ ಬೇಗ ಹತ್ತುತ್ತದೆ. ತಂತ್ರಾಂಶ ಮಾತ್ರ ಗೊತ್ತಿರುವವರಿಗೆ ಕೈ ಪಳಗಲು ಬಹಳ ಕಾಲ ಹಿಡಿಯುತ್ತದೆ. ಐಐಟಿಗಳಲ್ಲಿ ವಿನ್ಯಾಸ ಓದುವ ಆಸೆಯಿದ್ದವರು ಯುಸೀಡ್ ಪರೀಕ್ಷೆ ಬರೆಯಬೇಕು. ಅದನ್ನು ಐಐಟಿ ಬಾಂಬೆ ನಡೆಸುತ್ತದೆ. ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರಾದರೂ ಬರೆಯಬಹುದು. ಅರ್ಜಿ ಹಾಕುವ ಗಡುವು ಪಿಯುಸಿ ಪರೀಕ್ಷೆಗಿಂತ ಬಹಳ ಮೊದಲೇ ಮುಗಿಯುವುದರಿಂದ ಎರಡನೇ ಪಿಯುಸಿಗೆ ಕಾಲಿಟ್ಟಾಗಲೇ ಎಚ್ಚರವಾಗಿರಿ.

ಮನೆಯಲ್ಲಿ "ಕಾರ್ಟೂನ್ ಬರೆದು ಹೊಟ್ಟೆ ತುಂಬುತ್ತದೆಯೇ" ಎಂದು ಕೇಳುವವರಿಗೆ ನಾನು ಎರಡು ಸಂಗತಿ ಹೇಳುತ್ತೇನೆ. ಈ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಒಂದು ನೀತಿ ತಂದಿತು, 2024ರಿಂದ 2029ರವರೆಗಿನ ಅವಧಿಗೆ ಇನ್ನೊಂದನ್ನು ರೂಪಿಸಿದೆ. ಇನ್ನು 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರ ತಯಾರಾದದ್ದು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ. ಅದು ಎಲ್ಲರಿಗೂ ಉಚಿತ. ಅದನ್ನೇ ನಾವೂ ಇಳಿಸಿಕೊಂಡು ಕಲಿಯುತ್ತಿದ್ದೇವೆ.

ಕಂಪ್ಯೂಟರಿಗಿಂತ ಮೊದಲು ಕಾಗದ

ಲ್ಯಾಪ್‌ಟಾಪ್ ಖರೀದಿಯನ್ನು ಮೊದಲ ಸೆಮಿಸ್ಟರ್ ಮುಗಿಯುವ ತನಕ ಮುಂದೂಡಿ. ಅಷ್ಟರಲ್ಲಿ ನಿಮಗೆ 2ಡಿ ಇಷ್ಟವೋ 3ಡಿ ಇಷ್ಟವೋ ತಿಳಿದಿರುತ್ತದೆ, ಅದರ ಮೇಲೆ ಯಂತ್ರ ಆರಿಸಬಹುದು. 2ಡಿಗೆ ಸಾಧಾರಣ ಯಂತ್ರ ಸಾಕು. 3ಡಿಗಾದರೆ 16 ಜಿಬಿ ರ್‍ಯಾಮ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಒದ್ದಾಟ ತಪ್ಪದು. ಕಂಪ್ಯೂಟರಿನಲ್ಲಿ ಪೆನ್ನಿನಿಂದ ಚಿತ್ರ ಬರೆಯಲು ಪರದೆ ಇರುವ ದುಬಾರಿ ಪೆನ್ ಟ್ಯಾಬ್ಲೆಟ್ ಬೇಡ; ಪರದೆ ಇಲ್ಲದ, ಅಗ್ಗದ ಪೆನ್ ಟ್ಯಾಬ್ಲೆಟ್ ಸಾಕು. ಚಿತ್ರ ಬರೆಯಲು ಕ್ರಿಟಾ, ರೇಖೆಗಳಿಗೆ ಇಂಕ್‌ಸ್ಕೇಪ್, ಮಿಕ್ಕ ಎಲ್ಲಕ್ಕೂ ಬ್ಲೆಂಡರ್. ಮೂರೂ ಉಚಿತ. ಕದ್ದ ತಂತ್ರಾಂಶ ಹಾಕಿಕೊಂಡು ವೈರಸ್ ಹತ್ತಿಸಿಕೊಳ್ಳುವ ಅಗತ್ಯವೇ ಇಲ್ಲ.

ಮೊದಲ ಸೆಮಿಸ್ಟರ್ ಪೂರ್ತಿ ಕಾಗದದ ಮೇಲೆ ಮಾಡಿ. ಒಂದು ರಿಮ್ ತೆಳು ಎ4 ಹಾಳೆ, ಕಚೇರಿಗಳಲ್ಲಿ ಬಳಸುವ ಎರಡು ತೂತಿನ ಪಂಚ್, ಹಾಳೆಗಳು ಜರುಗದಂತೆ ಆ ತೂತಿಗೆ ಸರಿಯಾಗಿ ಕೂರುವ ಎರಡು ಗೂಟ. ಗಾಜಿನ ಹಲಗೆಯೊಂದನ್ನು ಎರಡು ಕಡೆ ಪುಸ್ತಕವಿಟ್ಟು ಎತ್ತರಿಸಿ ಕೆಳಗೆ ಎಲ್‌ಇಡಿ ಪಟ್ಟಿ ಇಟ್ಟರೆ, ಕೆಳಗಿನ ಹಾಳೆಯ ಚಿತ್ರ ಮೇಲಿನ ಹಾಳೆಯಲ್ಲಿ ಕಾಣುವ ಲೈಟ್ ಟೇಬಲ್ ಸಿದ್ಧ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್). ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟು ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಮೊದಲು ಪುಟಿಯುವ ಚೆಂಡು, ಆಮೇಲೆ ಬೀಳುವ ಎಲೆ, ಆಮೇಲೆ ಹಿಟ್ಟಿನ ಚೀಲ. ಅನಿಮೇಷನ್‌ನ 12 ತತ್ವಗಳನ್ನು ಡಿಸ್ನಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟರು. ಅವುಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡುವುದು ಪರೀಕ್ಷೆಗೆ. ಕಲಿಕೆಗೆ ಬೇಕಾದದ್ದು ಅವು ಊರಿನಲ್ಲಿ ಎಲ್ಲೆಲ್ಲಿ ಕಾಣುತ್ತವೆ ಎಂದು ಹುಡುಕುವುದು.

ತೂಕವನ್ನು ನೋಡಲು ಯಾರ್ಡಿಗೆ ಹೋಗಿ

ಹೊಸಬರ ಅನಿಮೇಷನ್‌ನಲ್ಲಿ ಎದ್ದು ಕಾಣುವ ಕೊರತೆ ತೂಕದ್ದು. ಪಾತ್ರ ಪೆಟ್ಟಿಗೆಯೊಂದನ್ನು ಎತ್ತುತ್ತದೆ, ಆದರೆ ಪೆಟ್ಟಿಗೆ ಖಾಲಿ ಎನಿಸುತ್ತದೆ. ಇದಕ್ಕೆ ಮದ್ದು ಇಂಗ್ಲಿಷ್ ವಿಡಿಯೊಗಳಲ್ಲಿಲ್ಲ, ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಎಪಿಎಂಸಿ ಯಾರ್ಡಿನಲ್ಲಿದೆ.

ಒಬ್ಬ ಹಮಾಲಿ ಚೀಲ ಹೊರುವುದನ್ನು ನಿಧಾನವಾಗಿ ನೋಡಿ. ಚೀಲ ಬೆನ್ನಿಗೆ ಬರುವ ಮೊದಲೇ ಮೈ ಅದಕ್ಕೆ ಸಿದ್ಧವಾಗುತ್ತದೆ: ಒಂದು ಕಾಲು ಮುಂದೆ ಬರುತ್ತದೆ, ಪಾದಗಳ ನಡುವಿನ ಅಂತರ ಹೆಚ್ಚುತ್ತದೆ, ಬೆನ್ನು ಬಾಗಿ ಹಾಸುಗಲ್ಲಿನ ಹಾಗೆ ಚಪ್ಪಟೆಯಾಗುತ್ತದೆ, ಉಸಿರು ಒಳಗೆ ನಿಲ್ಲುತ್ತದೆ. ಇಬ್ಬರು ಕೊಕ್ಕೆ ಹಾಕಿ ಚೀಲವನ್ನು ಎತ್ತುವಾಗ ಅದನ್ನು ಮೊದಲು ಹಿಂದಕ್ಕೆ ತೂಗಿ ಆಮೇಲೆ ಮುಂದಕ್ಕೆ ಬಿಡುತ್ತಾರೆ. ಬೆನ್ನಿಗೆ ತಾಗಿದ ಕ್ಷಣ ಮಂಡಿ ಒಮ್ಮೆ ಕುಸಿದು ಮತ್ತೆ ಮೇಲೇಳುತ್ತದೆ, ಆದರೆ ಮೊದಲಿದ್ದ ಎತ್ತರಕ್ಕೆ ಬರುವುದಿಲ್ಲ. ಮೈ ನಿಂತ ಮೇಲೂ ಚೀಲದ ಮೂಲೆಗಳು ಇಳಿಯುತ್ತಲೇ ಇರುತ್ತವೆ, ಒಳಗಿನ ಕಾಳು ಜರುಗಿ ಜಾಗ ಹಿಡಿಯುವವರೆಗೆ. ಹೆಜ್ಜೆಗಳು ಚಿಕ್ಕವು, ಚುರುಕಿನವು. ಪಾದ ನೆಲ ಬಿಡುವುದೇ ಕಷ್ಟ. ತಲೆ ಕಾಲಿಗಿಂತ ಮುಂದಿರುತ್ತದೆ. ಚೀಲ ಇಳಿಸಿದಾಗ ಬೆನ್ನು ನೇರವಾಗಿ ನಿಲ್ಲುವುದಿಲ್ಲ, ಒಂದು ಗಳಿಗೆ ಹಿಂದಕ್ಕೆ ವಾಲಿ ಆಮೇಲೆ ನೇರವಾಗುತ್ತದೆ.

ಆ 12 ತತ್ವಗಳಲ್ಲಿನ ಪೂರ್ವಸಿದ್ಧತೆ, ಕುಗ್ಗು-ಹಿಗ್ಗು, ಹಿಂಬಾಲಿಸುವ ಚಲನೆ ಎಲ್ಲವೂ ಇಷ್ಟರಲ್ಲೇ ಬಂದವು. ನಾನು ಅಪ್ಪನನ್ನು ಚಿಕ್ಕಂದಿನಿಂದ ನೋಡಿದ್ದೆ, ಆದರೆ ಯಾವ ಅಂಗ ಮೊದಲು ಚಲಿಸುತ್ತದೆ ಎಂದು ಲೆಕ್ಕ ಹಾಕಿ ನೋಡಿದ್ದು ಈ ಓದಿಗೆ ಬಂದ ಮೇಲೆಯೇ. ಇಂಥ ಕೆಲಸಗಾರರ ಬಗ್ಗೆ ನನಗಿದ್ದ ಗೌರವ ಇದರಿಂದ ಇನ್ನಷ್ಟು ಹೆಚ್ಚಿದೆ. ಒಬ್ಬ ಅನುಭವಿ ಹಮಾಲಿಯ ಮೈಯಲ್ಲಿ ಒಂದು ಚಲನೆಯೂ ವ್ಯರ್ಥವಾಗುವುದಿಲ್ಲ.

ವಿಡಿಯೊ ಮಾಡುವ ಮುಂಚೆ ಕೇಳಿ. "ಅಣ್ಣಾ, ಓದಿಗೆ ಬೇಕು, ಚೀಲ ಎತ್ತುವುದನ್ನು ತೆಗೆದುಕೊಳ್ಳಲೇ?" ಎಂದರೆ ಬೇಡ ಎನ್ನುವವರು ಕಡಿಮೆ. ಬೇಡ ಎಂದರೆ ಮೊಬೈಲ್ ಒಳಗಿಡಿ, ಸ್ಕೆಚ್ ಪುಸ್ತಕ ತೆಗೆಯಿರಿ. ಮೊಬೈಲನ್ನು ಪಕ್ಕದಿಂದ, ಸೊಂಟದ ಎತ್ತರದಲ್ಲಿ, ಅಲುಗಾಡದಂತೆ ಹಿಡಿಯಿರಿ. ಇಡೀ ಮೈ ಮತ್ತು ನೆಲ ಚೌಕಟ್ಟಿನೊಳಗೆ ಇರಬೇಕು. ಮನೆಗೆ ಬಂದು ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು 'ಇ' ಕೀಲಿ ಒತ್ತುತ್ತ ಹೋದರೆ ಒಂದೊಂದೇ ಚೌಕಟ್ಟು ಮುಂದೆ ಸಾಗುತ್ತದೆ. ಮುಖ್ಯ ಭಂಗಿಗಳನ್ನು ಮಾತ್ರ ಬೆರಳೆತ್ತರದ ಕಡ್ಡಿ ಚಿತ್ರಗಳಾಗಿ ಬರೆದು, ಪಕ್ಕದಲ್ಲಿ ಚೌಕಟ್ಟಿನ ಸಂಖ್ಯೆ ಹಾಕಿ. ಮೊಬೈಲ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟು ತೆಗೆಯುತ್ತದೆ, ನಿಮ್ಮ ಕೆಲಸ 24ರಲ್ಲಿ. ಹಾಗಾಗಿ ಆ ಸಂಖ್ಯೆಯನ್ನು 0.8ರಿಂದ ಗುಣಿಸಿಕೊಳ್ಳಿ. ಆಮೇಲೆ ವಿಡಿಯೊ ಮುಚ್ಚಿಟ್ಟು, ಆ ಕಡ್ಡಿ ಚಿತ್ರಗಳಿಂದಲೇ ಅನಿಮೇಟ್ ಮಾಡಿ. ವಿಡಿಯೊ ಮೇಲೆಯೇ ಗೆರೆ ಎಳೆದು ನಕಲು ಮಾಡಿದರೆ ಚಲನೆ ಸಪ್ಪೆಯಾಗುತ್ತದೆ, ಕಣ್ಣಿಗೂ ಅಭ್ಯಾಸವಾಗುವುದಿಲ್ಲ.

ಇದೇ ಕಣ್ಣಿನಿಂದ ಬೆಣ್ಣೆದೋಸೆ ಹೋಟೆಲಿನ ಕಾವಲಿಯ ಮುಂದೆ ನಿಂತರೆ ಮಣಿಕಟ್ಟಿನ ಕಮಾನು ಚಲನೆ ಸಿಗುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಹೋದರೆ ಹೊಗೆ ಹೇಗೆ ಸುರುಳಿ ಬಿಚ್ಚಿಕೊಳ್ಳುತ್ತದೆ ಎಂಬುದು ಕಾಣುತ್ತದೆ. ಬೆಳಗಿನ ಹೊತ್ತು ಕುಂದವಾಡ ಕೆರೆಯ ದಂಡೆಯಲ್ಲಿ ಕುಳಿತರೆ ಹಕ್ಕಿ ಹಾರುವುದು, ಇಳಿಯುವುದು, ಜೊತೆಗೆ ಹತ್ತು ನಮೂನೆಯ ನಡಿಗೆ. ನಡಿಗೆಯ ಅಭ್ಯಾಸಕ್ಕೆ ಆ ದಂಡೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕನ್ನಡ ಮಾತಾಡುವ ಬಾಯಿ

ನನಗೆ ತುಂಬ ಪ್ರೀತಿಯ ವಿಷಯ ಇದು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಪಾತ್ರದ ತುಟಿ ಮಾತಿಗೆ ಹೊಂದಬೇಕು; ಇದನ್ನು ಲಿಪ್ ಸಿಂಕ್ ಎನ್ನುತ್ತಾರೆ. ಯಾವ ಧ್ವನಿಗೆ ಬಾಯಿ ಹೇಗಿರಬೇಕು ಎಂದು ತೋರಿಸಲು ತರಗತಿಯಲ್ಲಿ ಕೊಡುವ ಚಾರ್ಟ್‌ಗಳು ಇಂಗ್ಲಿಷ್ ಉಚ್ಚಾರಣೆಗೆ ಮಾಡಿದಂಥವು. ಅವನ್ನು ಕನ್ನಡ ಸಂಭಾಷಣೆಗೆ ಹಾಗೇ ಹಚ್ಚಿದರೆ ಡಬ್ಬಿಂಗ್ ಧಾರಾವಾಹಿಯ ಹಾಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ನಮಗೆ ಬೇಕಾದ ಚಾರ್ಟ್ ಒಂದನೇ ತರಗತಿಯಲ್ಲೇ ಕಲಿತ ವರ್ಣಮಾಲೆಯಲ್ಲಿದೆ, ಏಕೆಂದರೆ ಅದನ್ನು ಜೋಡಿಸಿರುವುದೇ ಉಚ್ಚಾರಣೆಯ ಸ್ಥಾನದ ಪ್ರಕಾರ.

ಕನ್ನಡಿ ಮುಂದೆ ಕುಳಿತು ಒಂದೊಂದು ವರ್ಗವನ್ನೂ ಹೇಳಿ ನೋಡಿ. ಕ ವರ್ಗ ಗಂಟಲ ಹತ್ತಿರ ಹುಟ್ಟುತ್ತದೆ, ತುಟಿಗೆ ಕೆಲಸವೇ ಇಲ್ಲ. ಚ ಮತ್ತು ಟ ವರ್ಗಗಳದ್ದೂ ಹೆಚ್ಚು ಕಡಿಮೆ ಅದೇ. ಆದ್ದರಿಂದ ಇವಕ್ಕೆ ಬೇರೆ ಬಾಯಿ ಬರೆಯಬೇಡಿ. ಮುಂದಿರುವ ಸ್ವರದ ಬಾಯಿಯೇ ಸಾಕು. ತ ವರ್ಗ ಮತ್ತು ಲಕಾರದಲ್ಲಿ ನಾಲಗೆಯ ತುದಿ ಹಲ್ಲಿನ ಹಿಂದೆ ಕಾಣುತ್ತದೆ. ಪ ವರ್ಗದ ಐದು ಅಕ್ಷರಗಳಿಗೂ ತುಟಿ ಪೂರ್ತಿ ಮುಚ್ಚುತ್ತದೆ. ವಕಾರದಲ್ಲಿ ಕೆಳದುಟಿ ಮೇಲಿನ ಹಲ್ಲಿನ ಹತ್ತಿರ ಹೋಗುತ್ತದೆ, ಮುಚ್ಚುವುದಿಲ್ಲ. ಸ್ವರಗಳಲ್ಲಿ ಅ, ಆ ತೆರೆದ ಬಾಯಿ. ಇ, ಈ, ಎ, ಏ ಅಗಲ ಬಾಯಿ. ಉ, ಊ, ಒ, ಓ ದುಂಡು ಬಾಯಿ. ಒಟ್ಟು ಆರು ಚಿತ್ರಗಳಿದ್ದರೆ ಕನ್ನಡದ ಯಾವ ಮಾತನ್ನಾದರೂ ಆಡಿಸಬಹುದು: ಮುಚ್ಚಿದ್ದು, ತೆರೆದದ್ದು, ಅಗಲದ್ದು, ದುಂಡಗಿನದು, ನಾಲಗೆ ಕಾಣುವುದು, ವಕಾರದ್ದು.

ಇನ್ನು ಕಾಲದ ಲೆಕ್ಕ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಲಘು, ಗುರು ಗುರುತಿಸುವುದನ್ನು ಕಲಿತಿದ್ದೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಆರಾಮಾಗಿ ಆಡುವ ಮಾತಿನಲ್ಲಿ ಒಂದು ಮಾತ್ರೆಗೆ ಸುಮಾರು 3 ಚೌಕಟ್ಟು ಎಂದು ಇಟ್ಟುಕೊಂಡು ಶುರು ಮಾಡಿ. "ಅಮ್ಮಾ, ಬಾಗಿಲು ತೆಗೆ" ಎಂಬ ಮಾತನ್ನು ತೆಗೆದುಕೊಳ್ಳೋಣ. ಅ ಗುರು, ಮ್ಮಾ ಗುರು, ಬಾ ಗುರು, ಗಿ, ಲು, ತೆ, ಗೆ ನಾಲ್ಕೂ ಲಘು. ಒಟ್ಟು 10 ಮಾತ್ರೆ, 30 ಚೌಕಟ್ಟು, ಅಂದರೆ ಒಂದೂಕಾಲು ಸೆಕೆಂಡು. ಧ್ವನಿ ಮುದ್ರಿಸಿಕೊಂಡು ತಾಳೆ ನೋಡಿ, ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡರೆ ಕೂತುಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. 'ಅ' ಗುರುವಾದದ್ದು ಮುಂದೆ ಒತ್ತಕ್ಷರ ಇರುವುದರಿಂದ. ಆ ಹೆಚ್ಚಿನ ಮಾತ್ರೆ ತೆರೆದ ಬಾಯಿಗೆ ಸೇರುವುದಿಲ್ಲ, ಮುಚ್ಚಿದ ತುಟಿಗೆ ಸೇರುತ್ತದೆ. ಹಾಗಾಗಿ ತೆರೆದ ಬಾಯಿ 3 ಚೌಕಟ್ಟು, ಮುಚ್ಚಿದ ತುಟಿ ಇನ್ನೊಂದು 3 ಚೌಕಟ್ಟು ನಿಲ್ಲಬೇಕು, ಆಮೇಲೆ 'ಆ' ತೆರೆದುಕೊಳ್ಳಬೇಕು. 'ಬಾ' ಶುರುವಿನಲ್ಲಿ ತುಟಿ ಇನ್ನೊಮ್ಮೆ ಮುಚ್ಚುತ್ತದೆ, ಆದರೆ ಒಂದೆರಡು ಚೌಕಟ್ಟು ಮಾತ್ರ. ನೋಡುವವರ ಕಣ್ಣು ಹಿಡಿಯುವುದು ಈ ಎರಡು ಮುಚ್ಚುವಿಕೆಗಳನ್ನೇ. ಅವೆರಡು ಸರಿಯಾದರೆ ಮಿಕ್ಕದ್ದು ಸ್ವಲ್ಪ ಹೆಚ್ಚು ಕಡಿಮೆಯಾದರೂ ಮಾತು ಆ ಪಾತ್ರದ್ದೇ ಎನಿಸುತ್ತದೆ. ಅದೇ ಪಾತ್ರ ನಮ್ಮ ಮನೆಯ ಹಾಗೆ "ಅವ್ವಾ" ಎಂದು ಕರೆದರೆ ಮೊದಲ ಜಾಗದಲ್ಲಿ ತುಟಿ ಮುಚ್ಚಲೇಬಾರದು. ಕೆಳದುಟಿ ಹಲ್ಲಿನ ಬಳಿ ಹೋಗಿ ಮೂರು ಚೌಕಟ್ಟು ನಿಲ್ಲಬೇಕು. ಬಾಯಿಯನ್ನು ಧ್ವನಿಗಿಂತ ಒಂದೆರಡು ಚೌಕಟ್ಟು ಮುಂಚೆ ಇಡುವುದು ರೂಢಿ, ಕನ್ನಡಕ್ಕೂ ಅದು ಹೊಂದುತ್ತದೆ.

ಸಂಭಾಷಣೆಗೆ ಧ್ವನಿ ಮುದ್ರಿಸಲು ಸ್ಟುಡಿಯೊ ಹುಡುಕಬೇಡಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರ ಮುಂದೆ ಮೊಬೈಲ್ ಹಿಡಿದು ಮಾತಾಡಿದರೆ ಪ್ರತಿಧ್ವನಿ ಕಡಿಮೆಯಾಗುತ್ತದೆ. ಫ್ಯಾನ್ ಆರಿಸುವುದನ್ನು ಮರೆಯಬೇಡಿ.

ಪರದೆಯ ಮೇಲಿನ ಕನ್ನಡ ಅಕ್ಷರ

ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಬೇರೆ ತಂತ್ರಾಂಶಕ್ಕೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಮೊದಲಿನಿಂದಲೇ ಎಲ್ಲ ಕಡೆ ಒಂದೇ ರೀತಿ ಕಾಣುವ ಅಕ್ಷರ ಸಂಕೇತವಾದ ಯುನಿಕೋಡ್ ಬಳಸಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎಂಬ ಉಚಿತ ಫಾಂಟುಗಳು ಶೀರ್ಷಿಕೆಗೆ ಚೆನ್ನಾಗಿರುತ್ತವೆ. ಅಡೋಬಿ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿ. 3ಡಿ ಅಕ್ಷರ ಬೇಕಾದಾಗ ನಾನು ಮಾಡುವುದು ಹೀಗೆ: ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಬರೆದು, 'ಆಬ್ಜೆಕ್ಟ್ ಟು ಪಾತ್' ಕೊಟ್ಟು ಅಕ್ಷರವನ್ನು ರೇಖೆಯಾಗಿಸಿ, ಎಸ್‌ವಿಜಿ ಎಂಬ ರೇಖಾಚಿತ್ರ ಕಡತವಾಗಿ ಉಳಿಸಿ, ಬ್ಲೆಂಡರ್‌ಗೆ ತರುತ್ತೇನೆ. ಒಂದು ಒತ್ತೂ ಅಲುಗುವುದಿಲ್ಲ. ತಪ್ಪು ಕನ್ನಡ ಹೊತ್ತ ಒಳ್ಳೆಯ ದೃಶ್ಯಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ದಯವಿಟ್ಟು ಇದೊಂದನ್ನು ಉದಾಸೀನ ಮಾಡಬೇಡಿ.

ಕರೆಂಟು ಹೋಗುತ್ತದೆ ಎಂದುಕೊಂಡೇ ರೆಂಡರ್ ಮಾಡಿ

ದೃಶ್ಯದ ಒಂದೊಂದು ಚೌಕಟ್ಟನ್ನೂ ಯಂತ್ರ ಪೂರ್ಣ ಚಿತ್ರವಾಗಿಸುವುದಕ್ಕೆ ರೆಂಡರ್ ಎನ್ನುತ್ತಾರೆ. 10 ಸೆಕೆಂಡಿನ ದೃಶ್ಯಕ್ಕೆ 240 ಚೌಕಟ್ಟು. ಒಂದು ಚೌಕಟ್ಟಿಗೆ 3 ನಿಮಿಷ ಹಿಡಿದರೆ 12 ಗಂಟೆ ಯಂತ್ರ ಓಡಬೇಕು. ನಮ್ಮ ಹಳ್ಳಿಯಲ್ಲಿ ಅಷ್ಟು ಹೊತ್ತು ಕರೆಂಟು ನಿಲ್ಲುತ್ತದೆ ಎಂದು ನಂಬುವಂತಿಲ್ಲ. ಆದ್ದರಿಂದ ಎಂದಿಗೂ ನೇರವಾಗಿ ವಿಡಿಯೊ ಕಡತವಾಗಿ ರೆಂಡರ್ ಮಾಡಬೇಡಿ. ನಡುವೆ ಯಂತ್ರ ಆರಿದರೆ ಅಷ್ಟೂ ಕೆಲಸ ಮಣ್ಣುಪಾಲು. ಬ್ಲೆಂಡರ್‌ನ ಔಟ್‌ಪುಟ್ ವಿಭಾಗದಲ್ಲಿ ಪಿಎನ್‌ಜಿ ಆರಿಸಿ, 'ಓವರ್‌ರೈಟ್' ಗುರುತನ್ನು ತೆಗೆದುಹಾಕಿ. ಆಗ ಒಂದೊಂದು ಚೌಕಟ್ಟೂ ಬೇರೆ ಬೇರೆ ಚಿತ್ರವಾಗಿ ಉಳಿಯುತ್ತದೆ. ಕರೆಂಟು ಬಂದ ಮೇಲೆ ಅರ್ಧಕ್ಕೆ ನಿಂತಿರಬಹುದಾದ ಕೊನೆಯ ಚಿತ್ರವನ್ನು ಅಳಿಸಿ ಮತ್ತೆ ರೆಂಡರ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಕೊನೆಗೆ ಎಲ್ಲವನ್ನೂ ಜೋಡಿಸಿ ವಿಡಿಯೊ ಮಾಡುವುದು ಕೆಲವೇ ನಿಮಿಷದ ಕೆಲಸ. ಬೆಳಕಿನ ಲೆಕ್ಕ ಎಷ್ಟು ಸಲ ಆಗಬೇಕೆಂಬ ಸ್ಯಾಂಪಲ್ ಸಂಖ್ಯೆ ಇಳಿಸಿ, ಚಿತ್ರದ ಚುಕ್ಕೆಗಳನ್ನು ಅಳಿಸುವ ಡಿನಾಯ್ಸ್ ಹಾಕಿದರೆ ಸಮಯ ಬಹಳ ಉಳಿಯುತ್ತದೆ. ಕಡತವನ್ನು ದಿನವೂ ಹೊಸ ಸಂಖ್ಯೆ ಕೊಟ್ಟು ಉಳಿಸಿ, ಒಂದು ಪ್ರತಿ ಪೆನ್ ಡ್ರೈವ್‌ನಲ್ಲಿ, ಒಂದು ಗೂಗಲ್ ಡ್ರೈವ್‌ನಲ್ಲಿ ಇರಲಿ.

ಓದುವಾಗಲೇ ದುಡಿಮೆ, ಆಮೇಲೆ ರೀಲ್

ದಾವಣಗೆರೆಯಲ್ಲಿ ಕೆಲಸವೇ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮದುವೆಯ ಆಹ್ವಾನದ ವಿಡಿಯೊ, ಬಡಾವಣೆ ಮಾಡುವವರಿಗೆ ಮನೆಯ 3ಡಿ ನೋಟ, ಅಂಗಡಿಗಳ ಜಾಹೀರಾತು, ಶಾಲೆಗಳಿಗೆ ಪಾಠದ ಚಿತ್ರಗಳು ಇದ್ದೇ ಇವೆ. ನನ್ನ ಪೆನ್ ಟ್ಯಾಬ್ಲೆಟ್ ಬಂದದ್ದು ಆಹ್ವಾನದ ವಿಡಿಯೊಗಳ ದುಡ್ಡಿನಿಂದ. ಪರಿಚಯದವರಾದರೂ ಅರ್ಧ ಹಣ ಮೊದಲೇ ಕೇಳಿ, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಒಪ್ಪಿಸಿಕೊಳ್ಳಿ. ಹೆಸರು, ತಾರೀಖು, ಮುಹೂರ್ತದ ಸಮಯವನ್ನು ಅವರಿಂದಲೇ ಬರೆಸಿಕೊಳ್ಳಿ. ಇನಿಷಿಯಲ್ ತಪ್ಪಾದರೆ ಜಗಳ ನಿಮ್ಮ ಮೇಲೆ ಬರುತ್ತದೆ.

ಬೆಂಗಳೂರಿನ ಸ್ಟುಡಿಯೊಗಳಿಗೆ ಕಳುಹಿಸುವ ರೀಲ್, ಅಂದರೆ ನಿಮ್ಮ ಒಳ್ಳೆಯ ಕೆಲಸಗಳನ್ನು ಜೋಡಿಸಿದ ವಿಡಿಯೊ, ಒಂದು, ಒಂದೂವರೆ ನಿಮಿಷ ಮೀರಬಾರದು. ಎಲ್ಲಕ್ಕಿಂತ ಒಳ್ಳೆಯ ದೃಶ್ಯ ಮೊದಲೇ ಬರಲಿ, ನೋಡುವವರು ಕೊನೆಯವರೆಗೆ ಕಾಯುವುದಿಲ್ಲ. ಅನಿಮೇಟರ್ ಕೆಲಸಕ್ಕೆ ಅರ್ಜಿ ಹಾಕುವುದಾದರೆ 3ಡಿ ಮಾಡೆಲಿಂಗ್, ಪೋಸ್ಟರ್, ಫೋಟೊ ಎಲ್ಲ ತುರುಕಬೇಡಿ. ಗುಂಪಿನಲ್ಲಿ ಮಾಡಿದ ಚಿತ್ರವಾದರೆ ನಿಮ್ಮ ಪಾಲಿನ ಕೆಲಸ ಯಾವುದು ಎಂದು ದೃಶ್ಯದ ಕೆಳಗೆ ಬರೆಯಿರಿ. ನನ್ನ ರೀಲಿನ ಮೊದಲ ದೃಶ್ಯ ಜೋಳದ ಚೀಲ ಹೊರುವ ಹಮಾಲಿಯದ್ದು. ಸಂದರ್ಶನದಲ್ಲಿ ಅದರ ಬಗ್ಗೆಯೇ ಹೆಚ್ಚು ಪ್ರಶ್ನೆ ಕೇಳುತ್ತಾರೆ, ಉತ್ತರ ಹೇಳುವುದಕ್ಕೂ ನನ್ನಲ್ಲಿ ಬೇಕಾದಷ್ಟಿದೆ. ಮೊದಲ ಮತ್ತು ಕೊನೆಯ ಚೌಕಟ್ಟಿನಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಇಮೇಲ್ ಇರಲಿ. ಕಡತ ಕಳುಹಿಸಬೇಡಿ, ಕೊಂಡಿ ಕಳುಹಿಸಿ. ಕಳುಹಿಸುವ ಮೊದಲು ಬೇರೆಯವರ ಮೊಬೈಲಿನಲ್ಲಿ ಅದನ್ನು ಒತ್ತಿ, ಅನುಮತಿ ಕೇಳದೆ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.